ಆನೆಯ ಬೆನ್ನು ಹತ್ತಿ ಮರದ ಲೆಕ್ಕಕ್ಕೆ

1980ರ ದಶಕದ ಆರಂಭದಲ್ಲಿ ರಾಮನ್ ಸುಕುಮಾರ್ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಅಲೆಯುತ್ತಿದ್ದದ್ದು ಆನೆಗಳಿಗಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಅವರ ಮುಂದಿದ್ದದ್ದು ಕಾಡಂಚಿನ ರೈತರೆಲ್ಲ ಕೇಳುವ ಪ್ರಶ್ನೆಯೇ: ಆನೆ ರಾಗಿ ಹೊಲಕ್ಕೆ ಯಾಕೆ ನುಗ್ಗುತ್ತದೆ? ಹೆಣ್ಣಾನೆಗಳ ಗುಂಪಿಗಿಂತ ಸಲಗಗಳೇ ವರ್ಷದಲ್ಲಿ ಹೆಚ್ಚು ರಾತ್ರಿ ಹೊಲಕ್ಕಿಳಿಯುತ್ತವೆ ಎಂಬುದು ಅವರಿಗೆ ಕಂಡಿತು. ಮರಿಗಳನ್ನು ಕಟ್ಟಿಕೊಂಡ ತಾಯಿ ಪಟಾಕಿ, ಬಂದೂಕಿನ ಎದುರು ಹೋಗಲು ಹಿಂಜರಿಯುತ್ತದೆ. ಸಲಗಕ್ಕಾದರೋ ಪುಷ್ಟಿಯಾದ ಮೇವು ಸಿಕ್ಕು ಮೈ ಬೆಳೆದರೆ ಹೆಣ್ಣಿಗಾಗಿ ನಡೆಯುವ ಪೈಪೋಟಿಯಲ್ಲಿ ಲಾಭ; ಆ ಆಸೆಗೆ ಪ್ರಾಣವನ್ನೇ ಪಣಕ್ಕಿಡುತ್ತದೆ ಎಂದು ಅವರು ವಾದಿಸಿದರು.

ಇಷ್ಟಕ್ಕೇ ನಿಂತಿದ್ದರೆ ಅವರು ಆನೆ ತಜ್ಞರಾಗಿ ಉಳಿಯುತ್ತಿದ್ದರು. ಆದರೆ ಆನೆಯ ಹೊಟ್ಟೆಯ ಲೆಕ್ಕ ಹಾಕಹೊರಟವರಿಗೆ ಕಾಡಿನ ಲೆಕ್ಕವನ್ನೂ ಹಾಕದೆ ವಿಧಿಯಿಲ್ಲ. ಆ ಲೆಕ್ಕ ಶುರುವಾದದ್ದು 1988ರಲ್ಲಿ, ಬಂಡೀಪುರಕ್ಕೆ ಅಂಟಿಕೊಂಡ ತಮಿಳುನಾಡಿನ ಮುದುಮಲೆಯಲ್ಲಿ.

ಅದಕ್ಕೆ ಮಾದರಿ ಇದ್ದದ್ದು ಪನಾಮದಲ್ಲಿ. ಅಲ್ಲಿನ ಬಾರೊ ಕೊಲರಾಡೊ ದ್ವೀಪದಲ್ಲಿ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ 1980ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಹಾಕಿಕೊಂಡು, 1 ಸೆಂಟಿಮೀಟರ್ ದಪ್ಪ ಮುಟ್ಟಿದ ಪ್ರತಿ ಗಿಡವನ್ನೂ ಎಣಿಸತೊಡಗಿದ್ದರು. ಅಲ್ಲಿ ಸಿಕ್ಕದ್ದು ಎರಡು ಲಕ್ಷಕ್ಕೂ ಹೆಚ್ಚು ಕಾಂಡಗಳು, ಸುಮಾರು 300 ಜಾತಿಗಳು. ಮುದುಮಲೆಯಲ್ಲಿ ಗುರುತು ಹಾಕಿದ ಅಷ್ಟೇ ವಿಸ್ತಾರದ ಕಾಡಿನಲ್ಲಿ ಸುಮಾರು 26,000 ಕಾಂಡಗಳು, 70ರ ಆಸುಪಾಸು ಜಾತಿಗಳು. ಮತ್ತಿ, ದಿಂಡಿಗ, ತೇಗ, ನಂದಿ, ನೆಲ್ಲಿ, ಕಕ್ಕೆ: ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ನಮ್ಮ ಒಣಕಾಡು. ಉಷ್ಣವಲಯದ ಕಾಡೆಂದರೆ ಸದಾ ಹಸಿರು, ಸದಾ ಮಳೆ ಎಂದುಕೊಂಡವರಿಗೆ ಇದು ಬಡಕಲು ಅನ್ನಿಸೀತು. ಬೆಂಕಿ, ಬರ, ಆನೆ ಮೂರೂ ಕೂಡಿ ಕಾಡನ್ನು ಹೇಗೆ ತಿದ್ದುತ್ತವೆಂದು ನೋಡಬೇಕಾದವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕೆಲಸ ಮೇಲ್ನೋಟಕ್ಕೆ ನೀರಸ. 20 ಮೀಟರ್ ಉದ್ದಗಲದ 1,250 ಚೌಕಗಳು. ಪ್ರತಿ ಕಾಂಡಕ್ಕೂ ನಂಬರಿನ ಬಿಲ್ಲೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಅಳತೆ. ಟೇಪು ಓರೆಯಾಗಬಾರದು, ಬಳ್ಳಿಯೊಂದು ಅದರಡಿ ಸಿಕ್ಕಿಕೊಳ್ಳಬಾರದು. ಇನ್ನೊಂದು ತಾಪತ್ರಯವೂ ಇದೆ. ಮಳೆಗಾಲದಲ್ಲಿ ನೀರು ಕುಡಿದ ಕಾಂಡ ತುಸು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಋತು ಬದಲಿಸಿ ಅಳೆದರೆ ಬದುಕಿರುವ ಮರವೇ ಸಣ್ಣಗಾದಂತೆ ಪುಸ್ತಕದಲ್ಲಿ ದಾಖಲಾಗುತ್ತದೆ! ಸತ್ತವೆಷ್ಟು, ಹೊಸದಾಗಿ ಬಂದವೆಷ್ಟು ಎಂಬ ಎಣಿಕೆ ಪ್ರತಿ ವರ್ಷ; ದಪ್ಪದ ಅಳತೆ ನಾಲ್ಕು ವರ್ಷಕ್ಕೊಮ್ಮೆ.

ಈ ನೀರಸ ಪುಸ್ತಕದಿಂದಲೇ ಕಾಡಿನ ನಿಜ ಹೊರಬಿತ್ತು. ದಾಸವಾಳದ ಕುಟುಂಬದ ಕೈಡಿಯಾ ಎಂಬ ಸಣ್ಣ ಮರ ಮೊದಲ ಎಣಿಕೆಯಲ್ಲಿ ಸಾವಿರಗಟ್ಟಲೆ ಇತ್ತು. ಅದರ ಕೊಂಬೆ, ತೊಗಟೆ ಆನೆಗಳಿಗೆ ಇಷ್ಟ. ಮುರಿದು, ಸುಲಿದು ತಿಂದದ್ದರಿಂದ ಮುಂದಿನ ವರ್ಷಗಳಲ್ಲಿ ಅದು ತೀರಾ ವಿರಳವಾಯಿತು. ಬೆಂಕಿಯ ಏಟು ಬೀಳುವುದು ಹೆಚ್ಚಾಗಿ ಎಳೆಯ ಕಾಂಡಗಳ ಮೇಲೆ. ದೊಡ್ಡ ಮರಗಳು ದಪ್ಪ ತೊಗಟೆಯ ಬಲದಿಂದ ತಡೆದುಕೊಳ್ಳುತ್ತವೆ. ಒಂದು ಸಲ ಹೋಗಿ ನೋಡಿ ಬಂದವರಿಗೆ ಇದು ಯಾವುದೂ ತಿಳಿಯುವಂತಿಲ್ಲ. ಹೊರಗಿನಿಂದ ಕಾಡು ಹಾಗೇ ಇದ್ದಂತೆ ಕಾಣುತ್ತದೆ.

ಸುಕುಮಾರ್ ಅಲ್ಲಿಗೂ ನಿಲ್ಲಲಿಲ್ಲ. ನೀಲಗಿರಿಯ ಎತ್ತರದ ಜೌಗುಗಳಲ್ಲಿ ಕೊಳೆತ ಸಸ್ಯಗಳ ಪದರಗಳಿವೆ. ಉಷ್ಣವಲಯದ ಬಹುಪಾಲು ಹುಲ್ಲುಗಳು ಮತ್ತು ಮರಗಳು ದ್ಯುತಿಸಂಶ್ಲೇಷಣೆ ನಡೆಸುವ ರೀತಿ ಬೇರೆ ಬೇರೆ. ಹಾಗಾಗಿ ಅವುಗಳ ದೇಹದಲ್ಲಿ ಇಂಗಾಲದ ತುಸು ಭಾರದ ರೂಪವಾದ ಇಂಗಾಲ–13ರ ಪಾಲೂ ಬೇರೆ. ಪದರದಲ್ಲಿ ಆ ಪಾಲು ಅಳೆದರೆ ಆಗ ಹುಲ್ಲು ಮೇಲಾಗಿತ್ತೋ, ಮರಪೊದೆಗಳೋ ಎಂದು ಹೇಳಬಹುದು; ಹುಲ್ಲು ಮೇಲಾಗಿದ್ದರೆ ಒಣಹವೆ, ಮರಪೊದೆಗಳಾದರೆ ಒಳ್ಳೆಯ ಮಳೆ. ಅವರೂ ಸಹೋದ್ಯೋಗಿಗಳೂ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಹೀಗೆ ಓದಿದ 20,000 ವರ್ಷಗಳ ಮುಂಗಾರಿನ ಕಥೆ: ಹಿಮಯುಗದ ಉತ್ತುಂಗದಲ್ಲಿ ಒಣಹವೆ, ಸುಮಾರು 9,000 ವರ್ಷಗಳ ಹಿಂದೆ ಬಲವಾದ ಮುಂಗಾರು.

ಆನೆಗೆ ರಾತ್ರಿಗಳ ಲೆಕ್ಕ, ಮರಕ್ಕೆ ದಶಕಗಳ ಲೆಕ್ಕ, ಜೌಗಿಗೆ ಸಾವಿರಾರು ವರ್ಷಗಳದ್ದು. ಒಬ್ಬನೇ ವಿಜ್ಞಾನಿ ಇಷ್ಟು ದೂರ ಹೋಗಲು ಜಾಣತನದ ಜೊತೆಗೆ ಜಾಗ ಬಿಡದ ಹಟವೂ ಬೇಕು. ಸಂಶೋಧನೆಯ ಅನುದಾನ ಸಾಮಾನ್ಯವಾಗಿ ಕೆಲವೇ ವರ್ಷಗಳಿಗೆ ಸಿಗುತ್ತದೆ. ತೇಗ ಬಲಿಯಲು ಅದರ ಹತ್ತಾರು ಪಟ್ಟು ಕಾಲ ಬೇಕು. ಹಾಗಾಗಿ ಇಂಥ ತಾಣಕ್ಕೆ ಹೊಸ ಯಂತ್ರಕ್ಕಿಂತ ಮುಖ್ಯವಾದದ್ದು, ಮುಂದಿನ ಎಣಿಕೆಗೂ ಅದೇ ಬಿಲ್ಲೆಯ ಮುಂದೆ ಟೇಪು ಹಿಡಿದು ನಿಲ್ಲುವವರಿಗೆ ಸಂಬಳ ಕೊಡುವ ವ್ಯವಸ್ಥೆ.