ಒದ್ದೆ ಚಮಚ ಮತ್ತು ಚಾಕೊಲೇಟ್ ಸಾಸ್

ಆಷಾಢದ ಮಳೆ ಹಿಡಿಯಿತೆಂದರೆ ಚಿಕ್ಕಮಗಳೂರಿನ ಅಡುಗೆಮನೆಗಳಲ್ಲಿ ಯಾವುದೂ ಪೂರ್ತಿ ಒಣಗುವುದಿಲ್ಲ. ಉಪ್ಪು ನೀರೊಡೆಯುತ್ತದೆ, ಕರಿದ ಹಪ್ಪಳ ಗಳಿಗೆಯಲ್ಲಿ ಮೆತ್ತಗಾಗುತ್ತದೆ, ತೊಳೆದಿಟ್ಟ ಚಮಚ ಮರುದಿನವೂ ಒದ್ದೆಯಾಗಿರುತ್ತದೆ. ಅಂಥದೊಂದು ಸಂಜೆ, ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸುತ್ತಿದ್ದೆ. ನಯವಾಗಿ ಹೊಳೆಯುತ್ತಿದ್ದ ಅದಕ್ಕೆ ಒದ್ದೆ ಚಮಚ ಹಾಕಿ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಹೊಳಪೆಲ್ಲ ಹೋಗಿ, ಚಾಕೊಲೇಟ್ ತರಿತರಿಯಾದ ಮುದ್ದೆಯಾಗಿ ಚಮಚಕ್ಕೆ ಹತ್ತಿಕೊಂಡಿತು. ಬೇರೆ ದಾರಿ ಕಾಣದೆ ಎರಡು ದೊಡ್ಡ ಚಮಚ ಬಿಸಿನೀರು ಸುರಿದು ಕಲಸಿದೆ. ಮುದ್ದೆ ನಿಧಾನವಾಗಿ ಸಡಿಲಗೊಂಡು, ಸೌಟಿನಿಂದ ಧಾರೆಯಾಗಿ ಇಳಿಯುವ ಸಾಸ್ ಆಯಿತು. ಎರಡು ಹನಿ ನೀರು ಕೆಡಿಸಿದ್ದನ್ನು ಎರಡು ಚಮಚ ನೀರು ಹೇಗೆ ಸರಿಪಡಿಸಿತು ಎಂಬುದು ತಿಳಿದರೆ ಚಾಕೊಲೇಟ್ ಸಾಸಿನ ಮುಕ್ಕಾಲು ಪಾಲು ವಿಜ್ಞಾನ ತಿಳಿದ ಹಾಗೆ.

ಚಾಕೊಲೇಟ್ ಬಿಲ್ಲೆಯಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಕೋಕೋ ಬೀಜದ ಕೊಬ್ಬಿನಲ್ಲಿ ಸಕ್ಕರೆಯ ಮತ್ತು ಕೋಕೋದ ಅತಿ ಸಣ್ಣ ಕಣಗಳು ಹರಡಿಕೊಂಡಿರುತ್ತವೆ. ಮಿಲಿಮೀಟರಿನ ಸಾವಿರದಲ್ಲಿ 30 ಭಾಗಕ್ಕಿಂತ ಸಣ್ಣದಾಗಿ ಅರೆದಿರುವುದರಿಂದ ಆ ಕಣಗಳು ನಾಲಿಗೆಗೆ ತಿಳಿಯುವುದಿಲ್ಲ. ಕೊಬ್ಬು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಮೈಬಿಸಿಗಿಂತ ಸ್ವಲ್ಪ ಕೆಳಗೆ, ಕರಗುತ್ತದೆ. ಕರಗಿದಾಗ ಕಣಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಅಲ್ಲಿಗೆ ಒಂದೆರಡು ಹನಿ ನೀರು ಬಿದ್ದರೆ ಅದು ಕೊಬ್ಬಿನೊಡನೆ ಬೆರೆಯದೆ ಸಕ್ಕರೆಯನ್ನು ಹುಡುಕಿಕೊಂಡು ಹೋಗುತ್ತದೆ. ಸಕ್ಕರೆ ಕಣಗಳ ಮೇಲ್ಮೈ ಕರಗಿ ಅಂಟು ಪಾಕವಾಗಿ, ಕಣಕ್ಕೆ ಕಣ ಕಚ್ಚಿಕೊಂಡು ಮುದ್ದೆಯಾಗುತ್ತದೆ. ನೀರು ಧಾರಾಳವಾದಾಗ ಪರಿಸ್ಥಿತಿಯೇ ತಿರುಗುತ್ತದೆ: ಸಕ್ಕರೆ ಪೂರ್ತಿ ಕರಗಿ ತೆಳುವಾದ ಪಾಕವಾಗುತ್ತದೆ, ಕೋಕೋ ಕಣಗಳು ಅದರಲ್ಲಿ ತೇಲುತ್ತವೆ, ಕೊಬ್ಬು ಸಣ್ಣ ಹನಿಗಳಾಗಿ ಚದುರುತ್ತದೆ. 60 ಗ್ರಾಂ ಚಾಕೊಲೇಟಿಗೆ ಕನಿಷ್ಠ ಒಂದು ದೊಡ್ಡ ಚಮಚ, ಎಂದರೆ 15 ಮಿಲಿಲೀಟರ್, ನೀರೋ ಹಾಲೋ ಇರಬೇಕೆಂಬುದು ಅಡುಗೆಯವರ ಲೆಕ್ಕ. ಕಹಿ ಹೆಚ್ಚಿರುವ ಚಾಕೊಲೇಟಾದರೆ ಇನ್ನೂ ಸ್ವಲ್ಪ ಬೇಕು.

ಮನೆಯ ಮಟ್ಟಿಗೆ ನಾನು ಬಿಲ್ಲೆಗಿಂತ ಕೋಕೋ ಪುಡಿಯನ್ನೇ ಮೆಚ್ಚುತ್ತೇನೆ. ಮಲೆನಾಡಿನ ಅಡಿಕೆ ತೋಟಗಳ ನಡುವೆ ಕೋಕೋ ಗಿಡ ನೋಡಿದವರಿಗೆ, ಅದರ ಕಾಯೊಳಗಿನ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇದೆಯೆಂದರೆ ಅಚ್ಚರಿಯಾಗಬಹುದು. ಆ ಕೊಬ್ಬನ್ನು ಒತ್ತಿ ತೆಗೆಯುವ ಯಂತ್ರಕ್ಕೆ ಹಾಲೆಂಡಿನ ವ್ಯಾನ್ ಹೌಟನ್ 1828ರಲ್ಲಿ ಹಕ್ಕುಪತ್ರ ಪಡೆದರು. ಒತ್ತಿದ ಮೇಲೆ ಉಳಿಯುವ ಹಿಂಡಿಯ ಪುಡಿಯೇ ನಮ್ಮ ಡಬ್ಬಿಯಲ್ಲಿರುವ ಕೋಕೋ. ಅದರಲ್ಲಿ ಪಿಷ್ಟವೂ ಇರುವುದರಿಂದ ಸಾಸ್ ಗಟ್ಟಿಯಾಗಲು ಮೈದಾ, ಜೋಳದ ಹಿಟ್ಟು ಯಾವುದೂ ಬೇಡ. ಆದರೆ ಉಳಿದ ಕೊಬ್ಬಿನ ದೆಸೆಯಿಂದ ಪುಡಿ ಸುಲಭವಾಗಿ ನೆನೆಯದೆ, ಒಳಗೆ ಒಣಗಿರುವ ಗಂಟುಗಳು ನೀರಿನ ಮೇಲೆ ತೇಲುತ್ತವೆ. ಆದ್ದರಿಂದ ಅರ್ಧ ಬಟ್ಟಲು ಕೋಕೋ ಪುಡಿಗೆ ಮುಕ್ಕಾಲು ಬಟ್ಟಲು ಸಕ್ಕರೆಯನ್ನೂ ಚಿಟಿಕೆ ಉಪ್ಪನ್ನೂ ಮೊದಲೇ ಬೆರೆಸಬೇಕು. ಸಕ್ಕರೆಯ ಹರಳುಗಳು ಪುಡಿಯನ್ನು ಬಿಡಿಬಿಡಿಯಾಗಿಸುತ್ತವೆ. ಬಳಿಕ ಮುಕ್ಕಾಲು ಬಟ್ಟಲು ಬಿಸಿನೀರಿನಲ್ಲಿ ಸ್ವಲ್ಪವನ್ನಷ್ಟೇ ಹಾಕಿ ನುಣ್ಣಗೆ ಕಲಸಿ, ಉಳಿದದ್ದನ್ನು ಆಮೇಲೆ ಸೇರಿಸಬೇಕು. ಉಪ್ಪನ್ನು ಬಿಡಬೇಡಿ, ಅದು ನಾಲಿಗೆಗೆ ಕಹಿಯ ಅರಿವನ್ನು ತಗ್ಗಿಸುತ್ತದೆ.

ನಮ್ಮ ಊರಿನಲ್ಲಿ ಒಂದೆರಡು ಚಮಚ ನೀರಿನ ಬದಲು ಗಟ್ಟಿ ಕಾಫಿ ಡಿಕಾಕ್ಷನ್ ಹಾಕದೆ ಇರಲು ಕಾರಣವಿಲ್ಲ. ಕಾಫಿ ಬೀಜದಂತೆ ಕೋಕೋ ಬೀಜವನ್ನೂ ಹುರಿದೇ ಪರಿಮಳ ಬರಿಸುತ್ತಾರೆ, ಎರಡರಲ್ಲಿಯೂ ಪೈರಜೀನ್ ಎಂಬ ಗುಂಪಿನ ವಾಸನೆಯ ಕಣಗಳು ಹುಟ್ಟುತ್ತವೆ. ಹೀಗಾಗಿ ಕಾಫಿಯ ರುಚಿ ಬೇರೆಯಾಗಿ ಎದ್ದು ಕಾಣದೆ ಚಾಕೊಲೇಟಿನ ರುಚಿಯನ್ನೇ ಆಳಗೊಳಿಸುತ್ತದೆ.

ಇನ್ನು ಒಲೆಯ ಕೆಲಸ. ಸಣ್ಣ ಉರಿಯಲ್ಲಿ ತಳ ಹತ್ತದಂತೆ ಕೈಯಾಡಿಸುತ್ತ ಕುದಿ ಬಂದ ಮೇಲೆ ಮೂರು ನಾಲ್ಕು ನಿಮಿಷ ಸಾಕು. ಪುಸ್ತಕಗಳಲ್ಲಿರುವ ಪಾಕದ ಉಷ್ಣತೆಗಳನ್ನು ಇಲ್ಲಿ ಹಾಗೆಯೇ ನಂಬಬಾರದು, ಏಕೆಂದರೆ ಅವು ಸಮುದ್ರಮಟ್ಟದ ಲೆಕ್ಕ. ಚಿಕ್ಕಮಗಳೂರು 1,000 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ನೀರು 96-97 ಡಿಗ್ರಿಯಲ್ಲೇ ಕುದಿಯುತ್ತದೆ. ಆದ್ದರಿಂದ ಪುಸ್ತಕದ ಅಂಕಿಯಲ್ಲಿ ಮೂರು ನಾಲ್ಕು ಡಿಗ್ರಿ ಕಳೆಯಬೇಕು; ಕಳೆಯದೆ ಕಾದು ನಿಂತರೆ ನೀರು ಅತಿಯಾಗಿ ಆವಿಯಾಗಿ, ತಣಿದ ಮೇಲೆ ಸಾಸ್ ಬರ್ಫಿಯ ಹದಕ್ಕೆ ಹೋಗುತ್ತದೆ. ಒಲೆಯ ಮೇಲಿರುವಾಗ ಅದು ತೆಳ್ಳಗೆ ಕಾಣುವುದು ಸಹಜ. ನೂರಕ್ಕೆ 60ರಷ್ಟು ಸಕ್ಕರೆಯಿರುವ ಪಾಕದ ಸ್ನಿಗ್ಧತೆ, ಎಂದರೆ ಹರಿಯಲು ಅದು ಒಡ್ಡುವ ತಡೆ, 20 ಡಿಗ್ರಿಯಲ್ಲಿ ನೀರಿನ 50 ಪಟ್ಟಿಗೂ ಹೆಚ್ಚು. 80 ಡಿಗ್ರಿಯಲ್ಲಿ ಅದು ಅದೇ 20 ಡಿಗ್ರಿಯ ನೀರಿನ ಐದಾರು ಪಟ್ಟಿಗೆ ಇಳಿಯುತ್ತದೆ. ಅದಕ್ಕೇ ಹದವನ್ನು ಪಾತ್ರೆಯಲ್ಲಿ ನೋಡದೆ ತಣ್ಣನೆಯ ಸ್ಟೀಲ್ ತಟ್ಟೆಯ ಮೇಲೆ ನೋಡುತ್ತೇನೆ. ಒಂದು ಹನಿ ಬಿಟ್ಟು, ಅರ್ಧ ನಿಮಿಷ ಬಿಟ್ಟು, ಬೆರಳಿನಿಂದ ನಡುವೆ ಗೆರೆ ಎಳೆದಾಗ ಎರಡೂ ಕಡೆಯ ಸಾಸ್ ಆತುರಪಡದೆ ಬಂದು ಕೂಡಿಕೊಂಡರೆ ಒಲೆ ಆರಿಸುವ ಹೊತ್ತು. ಗೆರೆ ಹಾಗೆಯೇ ನಿಂತುಬಿಟ್ಟರೆ ಒಂದು ಚಮಚ ಬಿಸಿನೀರು ಬೇಕೆಂದು ಅರ್ಥ. ಬೆಣ್ಣೆ, ವೆನಿಲಾ ಏನಿದ್ದರೂ ಒಲೆ ಆರಿಸಿದ ಮೇಲೆ.

ಜಾಮೂನಿನ ಪಾಕಕ್ಕೆ ಹಿರಿಯರು ಹಿಂಡುವ ನಾಲ್ಕು ಹನಿ ನಿಂಬೆರಸ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಹುಳಿಯೊಡನೆ ಕುದಿದಾಗ ಸಕ್ಕರೆಯ ಒಂದು ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಬಗೆಬಗೆಯ ಕಣಗಳು ಬೆರೆತಿರುವಲ್ಲಿ ಸಕ್ಕರೆ ಸಾಲುಗೂಡಿ ಹರಳುಗಟ್ಟಲಾರದು, ಫ್ರಿಜ್ಜಿನಲ್ಲಿಟ್ಟ ಸಾಸ್ ಮರಳುಮರಳಾಗದು.

ಸಕ್ಕರೆ ಬಹಳಷ್ಟು ನೀರನ್ನು ಹಿಡಿದಿಟ್ಟುಕೊಂಡರೂ, ಬೂಷ್ಟನ್ನು ತಡೆಯಲು ಈ ಸಾಸಿನಲ್ಲಿ ಅದು ಸಾಲದು, ಅದರಲ್ಲೂ ಮಳೆಗಾಲದಲ್ಲಿ. ಒಣಗಿದ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ನಿಶ್ಚಿಂತೆಯಿಂದ ಬಳಸಬಹುದು. ಉಪ್ಪಿನಕಾಯಿ ಜಾಡಿಗೆ ಇರುವಂತೆ ಇದಕ್ಕೂ ಒಂದು ಒಣ ಚಮಚ ಮೀಸಲಿರಲಿ. ತಣ್ಣಗೆ ಬಿಗಿದುಕೊಂಡ ಸಾಸನ್ನು ಮತ್ತೆ ಹರಿಯುವಂತೆ ಮಾಡಲು ಒಲೆ ಹಚ್ಚಬೇಕಾಗಿಲ್ಲ. ಬಾಟಲಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಚಳಿ ಬಿಡಿಸಿ, ಕೈ ತಾಳುವಷ್ಟು ಬಿಸಿಯಿರುವ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಕೋಕೋ ಕೊಬ್ಬು ಕರಗಲು ಅಷ್ಟೇ ಬಿಸಿ ಸಾಕು.