ಅಜ್ಜನ ಕಾಲದ ರೈಫಲ್‌ನಿಂದ ಈಗ ಗುಂಡು ಹಾರಿಸಬಹುದೇ?

ಪ್ರಶ್ನೆ: ಕೊಡಗಿನ ನಮ್ಮ ಮನೆಯಲ್ಲಿ ಅಜ್ಜ ಶಿಕಾರಿಗೆ ಒಯ್ಯುತ್ತಿದ್ದ .315 ಬೋಲ್ಟ್ ಆಕ್ಷನ್ ರೈಫಲ್ ಇದೆ. ಕೈಲ್ ಮುಹೂರ್ತಕ್ಕೆ ತೋಕ್ ಪೂ (ಕೋವಿಗೆ ಮುಡಿಸುವ ಹೂ) ಇಟ್ಟು ಪೂಜಿಸುತ್ತೇವೆ, ಅಷ್ಟೆ. ಗುಂಡು ಹಾರಿಸಿ ಮೂವತ್ತು ವರ್ಷವಾಯಿತು. ಈ ಸಲ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆಗೆ ಒಯ್ಯಬಹುದೇ?

ಈಗಲೇ ಬೇಡ. ಪರವಾನಗಿ ಇರುವ ಕೋವಿ ರಿಪೇರಿಯವರು ಬಿಚ್ಚಿ ನೋಡಿ ಒಪ್ಪಿದ ಮೇಲೆ ಧಾರಾಳವಾಗಿ ಒಯ್ಯಿರಿ.

ಹಳೆಯದು ಎಂಬ ಕಾರಣಕ್ಕೆ ರೈಫಲ್ ಅಪಾಯಕಾರಿ ಆಗುವುದಿಲ್ಲ. 1898ರ ಜರ್ಮನ್ ಮೌಸರ್ ರೈಫಲ್‌ಗೆ ಮೂರು ಲಗ್‌ಗಳಿವೆ (ತೋಟಾದ ಹಿಂದೆ ಕೂರುವ ಬೋಲ್ಟ್ ಹಿಂದೆ ಸರಿಯದಂತೆ ಹಿಡಿಯುವ ಉಬ್ಬುಗಳು), ತೋಟಾ ಒಡೆದರೆ ಗ್ಯಾಸ್ ಪಕ್ಕಕ್ಕೆ ಹೋಗಲು ರಂಧ್ರಗಳಿವೆ. ಇಂದಿನ ಎಷ್ಟೋ ಬೇಟೆ ರೈಫಲ್‌ಗಳು ಅದರದೇ ಸಂತತಿ. ಆದರೆ ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ಕಥೆ ಬೇರೆ. ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಹದ ಹಾಕುತ್ತಿದ್ದರಿಂದ ಕೆಲವು ರಿಸೀವರ್‌ಗಳು (ಬೋಲ್ಟ್ ಕೂರುವ ಉಕ್ಕಿನ ಗೂಡು) ಗಾಜಿನಂತೆ ಪೆಡಸಾಗಿ ಒಡೆದವು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಸಂಖ್ಯೆಯವನ್ನು ಇಂದಿಗೂ ಬಲ್ಲವರು ಹಾರಿಸುವುದಿಲ್ಲ. ಹೊರಗಿನ ಹೊಳಪು ನೋಡಿ ಒಳಗಿನ ಹದ ತಿಳಿಯದು.

ನಿಮ್ಮದು ಬ್ರಿಟಿಷ್ ಸೇನೆ ಬಳಸುತ್ತಿದ್ದ ಲೀ ಮಾದರಿಯದು ಎಂದುಕೊಳ್ಳುತ್ತೇನೆ, ಇಶಾಪುರ ಸರ್ಕಾರಿ ಕಾರ್ಖಾನೆಯ .315 ಅದೇ ಜಾತಿ. ಬ್ರಿಟಿಷರ ಕಾಲದಲ್ಲಿ ಸೇನೆಯ .303 ಸಾಮಾನ್ಯರಿಗೆ ನಿಷಿದ್ಧವಾಗಿದ್ದರಿಂದಲೇ ಈ ಅಳತೆ ನಮ್ಮಲ್ಲಿ ಬೇರೂರಿತು. ಇದರಲ್ಲಿ ಬೋಲ್ಟ್‌ಗೆ ಹಿಡಿತ ಕೊಡುವ ಲಗ್‌ಗಳು ಹಿಂಬದಿಗಿವೆ. ಗುಂಡು ಹಾರಿದಾಗ ಬೋಲ್ಟ್ ಕೂದಲೆಳೆಯಷ್ಟು ಕುಗ್ಗುತ್ತದೆ, ತೋಟಾದ ಹಿತ್ತಾಳೆ ಅಷ್ಟೇ ಹಿಗ್ಗುತ್ತದೆ. ಲಗ್ ಸವೆದಿದ್ದರೆ, ಅಥವಾ ಎಂದೋ ಯಾರೋ ಬೇರೆ ರೈಫಲ್‌ನ ಬೋಲ್ಟ್ ತಂದು ಹಾಕಿದ್ದರೆ, ಹಿತ್ತಾಳೆ ಬುಡದಲ್ಲಿ ಹರಿದು ಬಿಸಿ ಗ್ಯಾಸ್ ಮುಖದ ಕಡೆಗೇ ನುಗ್ಗಬಹುದು. ಬೋಲ್ಟ್ ಮತ್ತು ರಿಸೀವರ್ ಮೇಲಿನ ಸಂಖ್ಯೆಗಳು ಹೊಂದುತ್ತವೆಯೇ ನೋಡಿ. ಹೊಂದಿದರೂ ಹೆಡ್‌ಸ್ಪೇಸ್ (ತೋಟಾ ಕೂರಲು ಬೋಲ್ಟ್ ಮುಂದೆ ಉಳಿಯುವ ಜಾಗ) ಅನ್ನು ಗೇಜ್ ಇಟ್ಟೇ ಅಳೆಸಬೇಕು, ಅಂದಾಜು ಸಾಲದು.

ಮುಂದೆ ನಳಿಗೆ. ಹಳೆಯ ತೋಟಾಗಳ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಪೊಟ್ಯಾಷಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಸುವ ಉಪ್ಪು ಗಾಳಿಯ ತೇವ ಹೀರುತ್ತದೆ. ಮಡಿಕೇರಿಯ ಮಳೆಗಾಲ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಎಣ್ಣೆ ಉಪ್ಪನ್ನು ಕರಗಿಸದು, ಬಿಸಿನೀರು ಕರಗಿಸುತ್ತದೆ. ಅದಕ್ಕೇ ಹಿರಿಯರು ಗುಂಡು ಹೊಡೆದ ಸಂಜೆಯೇ ನಳಿಗೆಗೆ ಬಿಸಿನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಬೋಲ್ಟ್ ತೆಗೆದು, ಒಳಗೆ ತೋಟಾ ಇಲ್ಲವೆಂದು ಖಾತ್ರಿ ಮಾಡಿ, ಬೆಳಕಿಗೆ ಹಿಡಿದು ನೋಡಿ. ತೋಟಾ ಕೂರುವ ಚೇಂಬರ್‌ನಲ್ಲಿ ಗುಳಿ ಬಿದ್ದಿದ್ದರೆ ಹಾರಿಸುವ ಆಸೆ ಬಿಡಿ.

ಗುಂಡು ಹಾರದಂತೆ ತಡೆಯುವ ಸೇಫ್ಟಿ ಕೀಲಿಯನ್ನೂ ನಂಬಬೇಡಿ. 1962ರಲ್ಲಿ ಬಂದ ರೆಮಿಂಗ್ಟನ್ 700 ಬಗ್ಗೆ, ಸೇಫ್ಟಿ ಸರಿಸಿದರೆ ಸಾಕು, ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತದೆಂಬ ದೂರುಗಳು ಅಮೆರಿಕದ ನ್ಯಾಯಾಲಯಗಳವರೆಗೆ ಹೋದವು. ಒಣಗಿದ ಗ್ರೀಸ್, ಸವೆದ ಸಿಯರ್ (ಟ್ರಿಗರ್ ಎಳೆಯುವವರೆಗೆ ಹೊಡೆಯುವ ಮೊಳೆಯನ್ನು ತಡೆದಿಡುವ ಕೊಂಡಿ) ಯಾವ ಹಳೆಯ ರೈಫಲ್‌ನಲ್ಲೂ ಇದ್ದೀತು.

ಅಜ್ಜನ ಪೆಟ್ಟಿಗೆಯಲ್ಲಿ ಉಳಿದ ತೋಟಾಗಳನ್ನಂತೂ ಬಳಸಲೇಬೇಡಿ. ಹೊಸ ತೋಟಾದಲ್ಲೂ ಬರಿ ‘ಟಿಕ್’ ಸದ್ದಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದುಂಟು. ಮೊದಲ ಗುಂಡಾದ ಮೇಲೆ ಖಾಲಿ ತೋಟಾ ಎತ್ತಿ ನೋಡಿ. ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆ ಕಂಡರೆ ಎರಡನೆಯದನ್ನು ತುಂಬಬೇಡಿ.