ಇಬ್ಭಾಗದ ಕೀಲಿಮಣೆಯಲ್ಲಿ ಹೆಬ್ಬೆರಳಿನ ಜಾಗ: ಅಧ್ಯಯನ ಟಿಪ್ಪಣಿ

ಸಾಮಾನ್ಯ ಕೀಲಿಮಣೆಯಲ್ಲಿ ಎರಡು ಹೆಬ್ಬೆರಳುಗಳಿಗೂ ಸೇರಿ ಇರುವುದು ಸ್ಪೇಸ್ ಎಂಬ ಒಂದೇ ಉದ್ದನೆಯ ಕೀಲಿ. ಕೈಯಲ್ಲೆಲ್ಲ ಬಲವಾದ ಬೆರಳಿಗೆ ಇಷ್ಟೇ ಕೆಲಸ ಕೊಟ್ಟು, ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್‌ಗಳ ಹೊರೆಯನ್ನೆಲ್ಲ ಕಿರುಬೆರಳಿನ ಮೇಲೆ ಹಾಕಲಾಗಿದೆ. ಪುಣೆಯಲ್ಲಿ ಭಾನುವಾರಗಳಂದು ಸೇರಿ ಇಬ್ಭಾಗದ ಕೀಲಿಮಣೆಯನ್ನು, ಅಂದರೆ ಎಡಗೈಗೊಂದು ಬಲಗೈಗೊಂದು ಎಂದು ಎರಡು ತುಂಡುಗಳಾಗಿರುವ ಕೀಲಿಮಣೆಯನ್ನು, ಸ್ವತಃ ಕಟ್ಟಲು ಕಲಿಯುತ್ತಿರುವ ನಮ್ಮ ಗುಂಪಿನವರೆಲ್ಲ ನಿತ್ಯ ಕನ್ನಡ ಬರೆಯುವವರು. ಆದ್ದರಿಂದ ನಾವು ಹೆಬ್ಬೆರಳಿನ ಕೀಲಿಗಳ ಜಾಗವನ್ನು ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಂಡು, ಉಳಿದ ಬೆರಳುಗಳ ಕಂಬಸಾಲುಗಳನ್ನು (ಮೇಲಿಂದ ಕೆಳಕ್ಕೆ ಸಾಗುವ ಕೀಲಿಸಾಲುಗಳನ್ನು) ಅದಕ್ಕೆ ಹೊಂದಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ನಮ್ಮ ಲಿಪಿಯಲ್ಲೇ ಇದೆ. ಹಿಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿ ವಿನ್ಯಾಸದಲ್ಲಿ 'ಧಾರವಾಡ' ಎಂದು ಬರೆಯಲು ಆರು ಕೀಲಿಗಳನ್ನು ಒತ್ತಬೇಕು; ಮಹಾಪ್ರಾಣ ಒಂದು, ದೀರ್ಘ ಎರಡು ಇರುವುದರಿಂದ ಅವುಗಳಲ್ಲಿ ಮೂರಕ್ಕೆ ಶಿಫ್ಟ್ ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಮುಖ್ಯವಾಗಿ ವಾಕ್ಯದ ಮೊದಲಿಗೂ ಹೆಸರುಗಳಿಗೂ ಬೇಕಾಗುವ ಕೀಲಿ ನಮಗೆ ಪದದ ನಡುನಡುವೆ ಬೇಕು. ಇದರ ಜೊತೆಗೆ ಒತ್ತಕ್ಷರಗಳಿವೆ: 'ಅಕ್ಕ', 'ಕನ್ನಡ' ಎಂಬ ಸರಳ ಪದಗಳಲ್ಲಿಯೂ ಎರಡು ವ್ಯಂಜನಗಳ ನಡುವೆ ಹಲಂತದ, ಅಂದರೆ ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆಯ, ಕೀಲಿಯನ್ನು ಒತ್ತಲೇಬೇಕು. ಈ ವಿನ್ಯಾಸದಲ್ಲಿ ಹಲಂತವು ಎಫ್ ಕೀಲಿಯಲ್ಲಿದೆ. 1991ರ ಭಾರತೀಯ ಮಾನಕದಲ್ಲಿ ಸೇರಿರುವ ಇನ್ನೊಂದು ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಕೀಲಿಯಲ್ಲಿದೆ. ಇಷ್ಟು ಪದೇ ಪದೇ ಬರುವ ಶಿಫ್ಟ್ ಮತ್ತು ಹಲಂತಗಳೆರಡನ್ನೂ ಹೆಬ್ಬೆರಳಿಗೆ ಒಪ್ಪಿಸಿದರೆ ಉಳಿದ ಬೆರಳುಗಳು ತಮ್ಮ ನೆಲೆಯಿಂದ ಕದಲಬೇಕಾದ ಪ್ರಸಂಗ ಬಹಳ ಕಡಿಮೆಯಾಗುತ್ತದೆ.

ಹಾಗೆಂದು ಹೆಬ್ಬೆರಳಿಗೆ ಎಲ್ಲಿ ಬೇಕಾದರೂ ಕೀಲಿ ಇಡಲಾಗದು. ಅದರ ಬುಡದ ಕೀಲು, ಕುದುರೆಯ ಜೀನಿನಂತೆ ಒಂದರ ಮೇಲೊಂದು ಕೂತ ಎರಡು ಮೂಳೆಗಳಿಂದಾಗಿದೆ. ಅಂಗೈ ಕೆಳಮುಖವಾಗಿ ಮೇಜಿನ ಮೇಲಿರುವಾಗ ಹೆಬ್ಬೆರಳು ಅಂಗೈಯ ಅಡಿಗೆ ಮಡಚಿಕೊಳ್ಳುವ ಚಲನೆ ಬಲವಾದದ್ದು. ಹೊರಗೆ ಚಾಚುವ ಚಲನೆ ಬಳಲಿಕೆ ತರುವಂಥದ್ದು. ಹೀಗೆ ಚಾಚುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬದಿಯಲ್ಲಿ ಒಂದೇ ಇಕ್ಕಟ್ಟಾದ ಕೊಳವೆಯ ಮೂಲಕ ಹಾದುಹೋಗುತ್ತವೆ, ಮತ್ತು ಅಲ್ಲಿ ಉಂಟಾಗುವ ನೋವನ್ನು 1895ರಲ್ಲಿ ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಡಿ ಕೆರ್ವೆನ್ ಅವರ ಹೆಸರಿನಿಂದಲೇ ಆ ತೊಂದರೆಯನ್ನು ಇಂದಿಗೂ ಕರೆಯುತ್ತಾರೆ. ಕಿರುಬೆರಳನ್ನು ಉಳಿಸಲು ಹೋಗಿ ಹೆಬ್ಬೆರಳನ್ನು ನೋಯಿಸಿಕೊಳ್ಳಬಾರದು ಎಂದು ನಾನು ಪದೇ ಪದೇ ಹೇಳುವುದು ಇದಕ್ಕಾಗಿಯೇ. ಒಟ್ಟು 76 ಕೀಲಿಗಳಿರುವ ಇಬ್ಭಾಗದ ಕೀಲಿಮಣೆಯಾದ ಎರ್ಗೋಡಾಕ್ಸ್‌ನಲ್ಲಿ ಒಂದೊಂದು ಹೆಬ್ಬೆರಳಿಗೆ ಆರು ಕೀಲಿಗಳಿವೆ. ಚಿಕ್ಕ ಕೈಯವರು ಅವುಗಳಲ್ಲಿ ದೂರದವನ್ನು ಮುಟ್ಟಲು ಇಡೀ ಕೈಯನ್ನೇ ಸರಿಸಬೇಕಾಗುತ್ತದೆ. 42 ಕೀಲಿಗಳ ಇನ್ನೊಂದು ಮಾದರಿಯಾದ ಕಾರ್ನ್‌ನಲ್ಲಿ ಮೂರೇ ಇವೆ. ಆರಂಭಿಸುವವರಿಗೆ ಮೂರು ಸಾಕು, ಎರಡಾದರೂ ನಡೆಯುತ್ತದೆ.

ಅಳತೆಗೆ ಬೇಕಾದದ್ದು ಬಿಳಿ ಹಾಳೆ ಮತ್ತು ಪೆನ್ಸಿಲ್ ಮಾತ್ರ. ನಾಲ್ಕು ಬೆರಳುಗಳನ್ನು ಟೈಪು ಮಾಡುವ ಭಂಗಿಯಲ್ಲಿ ಸಡಿಲವಾಗಿ ಇಟ್ಟು, ಹೆಬ್ಬೆರಳು ತಾನಾಗಿ ಬಂದು ಕೂರುವ ಬಿಂದುವನ್ನು ಮೊದಲು ಗುರುತಿಸಿಕೊಳ್ಳಿ. ಅದು ಹೆಚ್ಚಿನವರಿಗೆ ತೋರುಬೆರಳಿಗಿಂತ ತುಸು ಒಳಬದಿಗೆ, ಕೆಳಸಾಲಿನ ಕೆಳಗೆ ಬೀಳುತ್ತದೆ. ಮೊದಲ ಕೀಲಿ ಅಲ್ಲಿಯೇ ಇರಬೇಕು. ಅನಂತರ ಮಣಿಕಟ್ಟನ್ನು ಅಲುಗಾಡಿಸದೆ ಹೆಬ್ಬೆರಳನ್ನು ಆಚೀಚೆ ಆಡಿಸಿದಾಗ ಮೂಡುವ ಕಮಾನನ್ನು ಗೆರೆ ಎಳೆದು, ಉಳಿದೆರಡು ಕೀಲಿಗಳನ್ನು ಆ ಗೆರೆಯ ಮೇಲೆ, ಕಮಾನಿನ ಕೇಂದ್ರದ ಕಡೆಗೆ ತಿರುಗಿಸಿ ಕೂರಿಸಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ಕಮಾನಿನ ತ್ರಿಜ್ಯ 90 ಮಿಲಿಮೀಟರ್. ಕೀಲಿಗಳ ನಡುವಿನ ಸಾಮಾನ್ಯ ಅಂತರ 19.05 ಮಿಲಿಮೀಟರ್ ಆಗಿರುವುದರಿಂದ, ಎರಡು ಕೀಲಿಗಳ ನಡುವೆ ಸುಮಾರು 12 ಡಿಗ್ರಿ ತಿರುವು ಸಾಕೆಂದು ಲೆಕ್ಕ ಹಾಕಿದ್ದೆ. ಆದರೆ ಕೀಲಿಟೋಪಿ, ಅಂದರೆ ಬೆರಳು ಒತ್ತುವ ಮೇಲಿನ ಮುಚ್ಚಳ, ಸುಮಾರು 18 ಮಿಲಿಮೀಟರ್ ಅಗಲದ ಚೌಕ. ಅದರ ಒಳಅಂಚು ಕೇಂದ್ರಕ್ಕೆ 9 ಮಿಲಿಮೀಟರ್ ಹತ್ತಿರವಿರುವುದರಿಂದ ಅಲ್ಲಿ ಒಂದು ಟೋಪಿಗೆ ಸಿಗುವ ಅಗಲ 17ರ ಆಸುಪಾಸಿಗೆ ಇಳಿದು, ಎರಡು ಟೋಪಿಗಳ ಮೂಲೆಗಳು ಒಂದಕ್ಕೊಂದು ತಾಗಿದವು. ತಿರುವನ್ನು 13 ಡಿಗ್ರಿ ಮಾಡಿದಾಗ ನಡುವಿನ ಅಂತರ 20.4 ಮಿಲಿಮೀಟರ್ ಆಯಿತು, ಮೂಲೆಗಳು ಬಿಡಿಸಿಕೊಂಡವು. ನಿಮ್ಮ ತ್ರಿಜ್ಯ ಚಿಕ್ಕದಿದ್ದರೆ ತಿರುವು ಇನ್ನೂ ಹೆಚ್ಚು ಬೇಕು.

ಯಾವ ಕೀಲಿಗೆ ಏನು ಎಂಬುದು ಕೀಲಿಮಣೆಯೊಳಗಿನ ತಂತ್ರಾಂಶದಲ್ಲಿ, ಅಂದರೆ ಕ್ಯೂಎಂಕೆ ಅಥವಾ ಜೆಡ್‌ಎಂಕೆಯಲ್ಲಿ ನಿರ್ಧಾರವಾಗುತ್ತದೆ. ಕನ್ನಡ ಅಕ್ಷರ ಮೂಡಿಸುವುದು ಗಣಕದ ಕೆಲಸವಾದ್ದರಿಂದ, ಹೆಬ್ಬೆರಳಿನ ಕೀಲಿಯಿಂದ ಎಫ್ ಅಥವಾ ಡಿ ಸಂಕೇತ ಹೋಗುವಂತೆ ಮಾಡಿದರೆ ಹಲಂತ ಸಿದ್ಧ. ಒಂದೇ ಕೀಲಿಯನ್ನು ತಟ್ಟಿದರೆ ಸ್ಪೇಸ್, ಹಿಡಿದರೆ ಶಿಫ್ಟ್ ಎಂದು ಇಡುವ ಪದ್ಧತಿಯೂ ಇದೆ. ಕ್ಯೂಎಂಕೆಯಲ್ಲಿ ತಟ್ಟುವಿಕೆಯನ್ನೂ ಹಿಡಿಯುವಿಕೆಯನ್ನೂ ಬೇರ್ಪಡಿಸುವ ಗಡುವು ಮೂಲತಃ 200 ಮಿಲಿಸೆಕೆಂಡ್. ಮಹಾಪ್ರಾಣಗಳು ವೇಗವಾಗಿ ಬರುವಾಗ ಅದು ತಪ್ಪುಗಳಿಗೆ ದಾರಿ ಮಾಡುವುದರಿಂದ ಕನ್ನಡಕ್ಕೆ ಶಿಫ್ಟಿನದೇ ಪ್ರತ್ಯೇಕ ಕೀಲಿ ಇರಲಿ. ಇನ್‌ಸ್ಕ್ರಿಪ್ಟ್ ಬಳಸುವವರಿಗೆ ಬಹುತೇಕ ವ್ಯಂಜನಗಳು ಬಲಗೈಯಲ್ಲಿವೆ, ಆದ್ದರಿಂದ ಹಲಂತ ಎಡ ಹೆಬ್ಬೆರಳಿಗೆ ಬಂದರೆ ಒತ್ತಕ್ಷರದುದ್ದಕ್ಕೂ ಬಲ, ಎಡ, ಬಲ ಎಂಬ ಒಳ್ಳೆಯ ಲಯ ಹುಟ್ಟುತ್ತದೆ.

ಪುಣೆಯ 'ಬುಧವಾರ ಪೇಠೆ' ಎಂಬ ಬಡಾವಣೆಯ ಅಂಗಡಿಗಳಿಗೆ ಹೋಗಿ ಸ್ವಿಚ್ಚು, ಡಯೋಡುಗಳನ್ನು ಕೊಳ್ಳುವ ಮೊದಲು ವಿನ್ಯಾಸವನ್ನು ನಿಜ ಅಳತೆಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ, ಅದರ ಮೇಲೆ ಒಂದು ಪುಟದಷ್ಟು ಕನ್ನಡವನ್ನು ಬೆರಳಾಡಿಸಿ ನೋಡಿ. ಎರಡೂ ಕೈಗಳನ್ನು ಪ್ರತ್ಯೇಕವಾಗಿಯೇ ಅಳೆಯಿರಿ: ನನ್ನ ಎಡಗೈಯ ಕಮಾನು ಬಲಗೈಯದಕ್ಕಿಂತ 4 ಮಿಲಿಮೀಟರ್ ಚಿಕ್ಕದಾಗಿತ್ತು, ಬಲಗೈ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಎಡಕ್ಕೆ ಬಳಸಿದ್ದ ನನ್ನ ಮೊದಲ ರಟ್ಟು ಅದರಿಂದಲೇ ವ್ಯರ್ಥವಾಯಿತು.